ಫೈಲಿನೊಳಗಿನ ಇಪ್ಪತ್ತೈದನೆಯ ಪ್ರತಿ

ನಾನು ಒಂದು ಲೇಖನದ ಪ್ರತಿ. ಎಂಟು ಪುಟ, ಎರಡು ಪಿನ್ನು. ನನ್ನ ಕಾಗದಕ್ಕೂ ಮಸಿಗೂ ಬಿದ್ದ ಬೆಲೆ ಒಂದು ಚಹಾ, ಒಂದು ಬನ್ನಿಗಿಂತ ಹೆಚ್ಚಿರಲಿಕ್ಕಿಲ್ಲ. ಒಳಗಿರುವುದರ ಖರ್ಚು ಬೇರೆ: ಮೂರು ಬೇಸಿಗೆ, ನಾನೂರು ಬಾಟಲಿ ನೀರು, ಜೀಪಿನ ಎರಡು ಟೈರು, ಮತ್ತು ಕರಿಮಡ್ಡಿ ಎಂಬ ಊರಿನವರು ಹೋದಾಗಲೆಲ್ಲ ಹಾಕಿದ ರೊಟ್ಟಿ ಊಟ.

ಆ ಊರಿನ ಕೈಪಂಪುಗಳ ನೀರನ್ನು ಪರೀಕ್ಷಿಸಿದವರು ಅಂತರ್ಜಲ ವಿಜ್ಞಾನಿ ಡಾ. ಶಂಭುಲಿಂಗ ಹೇರೂರ. ಕೆಲವು ಪಂಪುಗಳಲ್ಲಿ ಫ್ಲೋರೈಡ್ ಮಿತಿಮೀರಿತ್ತು. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದಾಗುತ್ತದೆ, ಮೂಳೆ ಸೊಟ್ಟಗಾಗುತ್ತದೆ. ಅವರು ಅದನ್ನು ಇಂಗ್ಲಿಷಿನಲ್ಲಿ ಬರೆದು ರಾಷ್ಟ್ರಮಟ್ಟದ ಜರ್ನಲ್‌ಗೆ ಕಳಿಸಿದರು. ಅಚ್ಚಾಗಲು ಎರಡು ವರ್ಷ ಹಿಡಿಯಿತು. ಲೇಖಕರಿಗೆಂದು ಇಪ್ಪತ್ತೈದು ಬಿಡಿ ಪ್ರತಿಗಳು ಬಂದವು. ಕೊನೆಯವನು ನಾನು.

ನಮ್ಮನ್ನೆಲ್ಲ ಉತ್ತರದ ಒಂದು ನಗರದಲ್ಲಿ ನಡೆದ ಜಲವಿಜ್ಞಾನ ಸಮ್ಮೇಳನಕ್ಕೆ ಒಯ್ದರು. ಅಲ್ಲಿ ವಿಜ್ಞಾನಿಗಳು ಮದುವೆಮನೆಯ ತಾಂಬೂಲದಂತೆ ತಮ್ಮ ಲೇಖನಗಳನ್ನು ಹಂಚಿಕೊಳ್ಳುತ್ತಿದ್ದರು. ನನ್ನ ಒಡಹುಟ್ಟಿದವರು ದೊಡ್ಡ ದೊಡ್ಡ ಬ್ಯಾಗುಗಳಿಗೆ ಸೇರಿದರು. ಊಟದ ಸಾಲಿನಲ್ಲಿ ಹಿರಿಯ ವಿಜ್ಞಾನಿಯೊಬ್ಬರು ನನ್ನನ್ನು ತಿರುವಿ ನೋಡಿ, "ಆ ಊರಿನವರಿಗೆ ಹೇಳಿದಿರಾ?" ಎಂದು ಕೇಳಿದರು.

"ಜರ್ನಲ್‌ನಲ್ಲೇ ಬಂದಿದೆಯಲ್ಲ ಮೇಡಂ! ಇಡೀ ದೇಶಕ್ಕೆ ಹೇಳಿದ ಹಾಗಾಯಿತು" ಎಂದು ನಮ್ಮ ಹೇರೂರ ಸಾಹೇಬರು ನಕ್ಕರು. ಅವರು ಕೆಟ್ಟವರಲ್ಲ. ಹಾಗೆಂದು ನಿಜವಾಗಿಯೂ ನಂಬಿದ್ದರು.

ಮರಳಿ ಬಂದ ಮೇಲೆ ನನ್ನನ್ನು ಪ್ಲಾಸ್ಟಿಕ್ ಹಾಳೆಯೊಳಗೆ ತೂರಿಸಿ, ಬಡ್ತಿಯ ಫೈಲಿಗೆ ಸೇರಿಸಿ, ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹಿಂದೆ ಒಂದು ಪ್ರಮಾಣಪತ್ರ, ಮುಂದೆ ಇನ್ನೊಂದು. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಮೈಗಂಟುತ್ತಿತ್ತು. ಹೊರಗೆ ಜೀಪು ಸ್ಟಾರ್ಟ್ ಆದಾಗಲೆಲ್ಲ ಕರಿಮಡ್ಡಿಗೇ ಹೊರಟಿತೇನೋ ಎಂದು ಕಿವಿಗೊಡುತ್ತಿದ್ದೆ. ಯಾವ ಪಂಪಿನ ನೀರು ಕುಡಿಯಬಾರದೆಂದು ನನಗೆ ಗೊತ್ತಿತ್ತು, ಆದರೆ ನನಗೆ ಬಾಯಿಲ್ಲ. ನಾಲ್ಕು ವರ್ಷಗಳಲ್ಲಿ ಮೂರು ಸಲ ಬೆಳಕು ಕಂಡೆ, ಮೂರು ಸಲವೂ ಸಂದರ್ಶನಕ್ಕೆ. ಅಲ್ಲಿ ಕೂತವರು ಲೇಖನಗಳು ಎಷ್ಟೆಂದು ಎಣಿಸಿದರು. ತೆರೆದು ಓದಿದವರಿಲ್ಲ.

ಮೂರನೆಯ ಸಲಕ್ಕೆ ಬಡ್ತಿ ಬಂತು. ಸಾಹೇಬರ ಸಾಮಾನನ್ನು ದೊಡ್ಡ ಕೋಣೆಗೆ ಸಾಗಿಸುತ್ತಿದ್ದವನು ಜೀಪಿನ ಡ್ರೈವರ್ ಯಮನೂರಪ್ಪ. ಹಿಂದೆ ಬಾಟಲಿಗಳನ್ನು ತುಂಬಿದವನೂ ಅವನೇ. ಅವನ ಕೈಯಿಂದ ಫೈಲು ಜಾರಿ, ನಾನು ಪ್ಲಾಸ್ಟಿಕ್ಕಿನಿಂದ ಹೊರಬಂದು, ನಕ್ಷೆಯ ಪುಟ ತೆರೆದುಕೊಂಡು ನೆಲಕ್ಕೆ ಬಿದ್ದೆ.

"ಸಾಹೇಬ್ರ, ಇದು ನಮ್ಮ ಕರಿಮಡ್ಡಿ ಅಲ್ರೀ? ಈ ತಿರುವಿನ್ಯಾಗ ನಮ್ಮ ಟೈರ್ ಒಡದಿತ್ತು ನೋಡ್ರಿ."

"ನಿನಗ ಇಂಗ್ಲಿಷ್ ಯಾವಾಗ ಬಂತೋ?"

"ಇಂಗ್ಲಿಷ್ ಎಲ್ಲಿಂದ ಬರಬೇಕ್ರಿ, ದಾರಿ ಬರ್ತಾವು. ಈ ಕರೀ ಚುಕ್ಕಿ ಏನ್ರೀ?"

"ಕುಡಿಯಾಕ ಬಾರದ ನೀರು."

ಯಮನೂರಪ್ಪನ ಬೆರಳು ಏಳನೆಯ ಚುಕ್ಕೆಯ ಮೇಲೆ ನಿಂತಿತು. "ಇದು ಅಂಗನವಾಡಿ ಮುಂದಿನ ಪಂಪರೀ! ನೀಲವ್ವಕ್ಕ ಇದರ ನೀರಾಗ ಹುಡುಗರಿಗೆ ಅಡಿಗಿ ಮಾಡ್ತಾಳ. ಆಕಿಗೆ ಹೇಳಿಲ್ರೀ?"

"ಅಚ್ಚು ಹಾಕಿಸಿದ್ನಲ್ಲೋ..." ಎಂದರು ಸಾಹೇಬರು.

"ನಂದೂ ತಪ್ಪೈತ್ರಿ. ಬಾಟಲಿ ಒಯ್ದ ಮ್ಯಾಲ ಸರಕಾರದವರು ನೋಡ್ಕೊಂತಾರ ಅಂತ ಸುಮ್ನಾಗಿಬಿಟ್ಟೆ."

ಸಾಹೇಬರು ಹೊಸ ಕುರ್ಚಿಯಲ್ಲಿ ಕೂರಲಿಲ್ಲ. ನನ್ನನ್ನು ನೆಲದಿಂದ ಎತ್ತಿಕೊಂಡು, "ಜೀಪ್ ತಗಿ" ಎಂದರು.

ಕರಿಮಡ್ಡಿಯ ಅಂಗನವಾಡಿಯಲ್ಲಿ ನೀಲವ್ವ ಬಾಗಿಲಲ್ಲೇ ಚೇಷ್ಟೆ ಮಾಡಿದಳು: "ಬರ್ರಿ ಸಾಹೇಬ್ರ, ಬಾಟಲಿ ಎಲ್ಲಾ ಖಾಲಿ ಆದ್ವೇನು?"

ಸಾಹೇಬರು ನಿಂತಲ್ಲೇ ವಿಷಯ ಹೇಳಿದರು. ಅವಳ ಮುಖದ ನಗು ಹೋಯಿತು. ಮೊಮ್ಮಗಳು ರೇಣುಕಾಳನ್ನು ಹತ್ತಿರ ಕರೆದು ಗದ್ದ ಎತ್ತಿ ಹಿಡಿದಳು. ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು.

"ಇದಕ್ಕ ನಾ ಬೂದಿ ಹಚ್ಚಿ ತಿಕ್ಕೀನ್ರಿ. ಸರಿಯಾಗಿ ತಿಕ್ಕೂದಿಲ್ಲ ಅಂತ ಬಡದೀನಿ. ನಿಮಗ ಗೊತ್ತಾಗಿ ಎಷ್ಟ್ ವರ್ಷ ಆತು?"

"ಆರು."

"ಆರು ವರ್ಷ! ಒಂದು ಕಾರ್ಡ್ ಬರದಿದ್ರ ಸಾಕಾಗಿತ್ತಲ್ಲೋ ಯಪ್ಪಾ." ಕಣ್ಣೊರೆಸಿಕೊಂಡು ಅವಳೇ ಕೇಳಿದಳು: "ಹೋಗಲಿ, ಚಲೋ ನೀರು ಯಾವುದರಾಗ ಐತಿ, ಅದನ್ನರ ಹೇಳ್ರಿ."

"ಹನ್ನೊಂದನೇದು. ಕೆರೀ ದಂಡಿಗೆ ಐತಲ್ಲ, ಅದು."

ಒಲೆಯ ಮೇಲೆ ಕುದಿಯುತ್ತಿದ್ದ ಬೇಳೆಯನ್ನು ಅವಳು ಅಂಗಳಕ್ಕೆ ಸುರಿದಳು. ಎರಡು ಕೊಡ ಹಿಡಿದು ಕೆರೆಯ ಕಡೆ ನಡೆದಳು. ಯಮನೂರಪ್ಪ ಮೂರನೆಯದನ್ನು ಹೊತ್ತು ಹಿಂದೆ ಹೋದ. ಸಾಹೇಬರು ಏಳನೆಯ ಪಂಪಿನ ಹಿಡಿಕೆ ಕಳಚತೊಡಗಿದರು.

ಈಗ ನಾನು ಅಂಗನವಾಡಿಯ ಗೋಡೆಯಲ್ಲಿ ಒಂದು ಮೊಳೆಗೆ ಸಿಕ್ಕಿಕೊಂಡಿದ್ದೇನೆ. ಹೊಗೆಗೆ ಕಂದಿದ್ದೇನೆ. ನಕ್ಷೆಯ ಪುಟವೊಂದೇ ಹೊರಗೆ ಕಾಣುತ್ತದೆ. ಉಳಿದ ಏಳು ಪುಟಗಳನ್ನು ಇಲ್ಲಿ ಯಾರೂ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ತಿಳಿದ ಸಂಗತಿ ದೊಡ್ಡವರ ಕಿವಿಗೆ ಬಿದ್ದರೆ ಹೆಸರು ಬರುತ್ತದೆ. ಆದರೆ ನೀರು ಸೇದುವವರಿಗೆ ಅದನ್ನು ಯಾರಾದರೂ ನಡೆದು ಬಂದು ಹೇಳಬೇಕು.

ಅಂಗನವಾಡಿಯ ಮೂವತ್ತೆರಡು ಮಕ್ಕಳು ಈಗ ಹನ್ನೊಂದನೆಯ ಪಂಪಿನ ನೀರು ಕುಡಿಯುತ್ತಾರೆ. ರೇಣುಕಾಳ ಹಲ್ಲಿನ ಪಟ್ಟೆ ಹೋಗಲಿಲ್ಲ.