ನಾಲ್ಕೂವರೆ ಸ್ಟಾರ್

"ಓದಿದ್ರಾ? ನಾಲ್ಕೂವರೆ ಸ್ಟಾರ್ ಕೊಟ್ಟಿದೀನಿ," ಎನ್ನುತ್ತಲೇ ಅವನು ಬಾಗಿ ಬೂಟಿನ ಲೇಸಿಗೆ ಕೈ ಹಾಕಿದ.

"ಬೂಟು ಬಿಚ್ಚಬೇಡಿ. ಕೂರೋಕೆ ಕರೆದಿಲ್ಲ," ಎಂದಳು ಅವಳು.

ಮಧ್ಯಾಹ್ನ ಎರಡೂವರೆ. ಮೂರು ವಾರದ ಹಿಂದೆ ಇದೇ ಹೊತ್ತಿಗೆ ಗಿರಾಕಿಯಾಗಿ ಬಂದಾಗ ಇದೇ ಬಾಗಿಲಲ್ಲಿ ನಗುನಗುತ್ತ ಬರಮಾಡಿಕೊಂಡವಳು ಇವಳೇನಾ ಎಂದು ಅವನಿಗೆ ಅನುಮಾನವಾಯಿತು. ಇವತ್ತು ಅವಳೇ ಫೋನ್ ಮಾಡಿ ಕರೆಸಿದ್ದಳು. ಥ್ಯಾಂಕ್ಸ್ ಹೇಳುವುದಕ್ಕಿರಬೇಕು ಎಂದು ದಾರಿಯುದ್ದಕ್ಕೂ ಉಬ್ಬಿಕೊಂಡೇ ಬಂದಿದ್ದ. ಎಸ್ಕಾರ್ಟ್ ಹೆಂಗಸರ ಬಗ್ಗೆ ಗಿರಾಕಿಗಳು ರಿವ್ಯೂ ಬರೆಯುವ ವೆಬ್‌ಸೈಟಿನಲ್ಲಿ ಅವನವು ನಲವತ್ತೊಂದು ರಿವ್ಯೂಗಳಿದ್ದವು. ಅಲ್ಲಿ ಅವನ ಮಾತಿಗೆ ತೂಕವಿತ್ತು. ಮನೆಯಲ್ಲಿ, ಆಫೀಸಿನಲ್ಲಿ ಎಲ್ಲೂ ಸಿಗದ ತೂಕ.

ಕೋಣೆಯಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳು ಬಾಯಿ ತೆರೆದುಕೊಂಡು ಕೂತಿದ್ದವು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕಿ. ಕೆಲಸದವಳಿರಬೇಕು ಎಂದುಕೊಂಡ.

"ಇವರು ನಮ್ಮಮ್ಮ," ಎಂದಳು ಅವಳು.

ಅವನ ಕಸುಬು ಮನೆಗಳಿಗೆ ಬೆಲೆ ಕಟ್ಟುವುದು. ಬ್ಯಾಂಕಿನವರು ಸಾಲ ಕೊಡುವ ಮುಂಚೆ ಇವನು ಟೇಪು ಹಿಡಿದು ಹೋಗಿ, ಬಾಗಿಲು ಯಾವ ದಿಕ್ಕಿಗೆ, ಎದುರಿಗೆ ಏನಿದೆ, ಗೋಡೆ ಎಲ್ಲಿ ಬಿರುಕು ಬಿಟ್ಟಿದೆ ಎಂದೆಲ್ಲ ಬರೆದುಕೊಡಬೇಕು. ಇಪ್ಪತ್ತಾರು ವರ್ಷ ಅದನ್ನೇ ಬರೆದ ಕೈಗೆ ಬೇರೆ ಚಾಳಿ ಎಲ್ಲಿಂದ ಬರಬೇಕು? ಉಳಿದವರು ಸೂಪರ್, ವೇಸ್ಟ್ ಎಂದು ಗೀಚಿ ಸುಮ್ಮನಾದರೆ ಇವನು ವರದಿಯನ್ನೇ ಒಪ್ಪಿಸುತ್ತಿದ್ದ. ಹಲ್ಲಿನ ಡಾಕ್ಟರ ಬೋರ್ಡಿನ ಪಕ್ಕದ ಮೆಟ್ಟಿಲು, ಎರಡನೇ ಮಹಡಿ, ಲಿಫ್ಟ್ ಇಲ್ಲ, ಪಶ್ಚಿಮಕ್ಕೆ ಹಸಿರು ಬಾಗಿಲು. ಮನೆ ಚೊಕ್ಕಟ. ಹೆಂಗಸಿಗೆ ಮೂವತ್ತೆಂಟು ದಾಟಿದೆ, ನಿರ್ವಹಣೆ ಚೆನ್ನಾಗಿದೆ. ಹೌದು, ನಿರ್ವಹಣೆ ಎಂದೇ ಬರೆದಿದ್ದ. ಗೋಡೆಗೂ ಹೆಂಗಸಿಗೂ ಒಂದೇ ಪದ ಸಾಕಾಗಿತ್ತು ಆ ಮಹಾನುಭಾವನಿಗೆ.

"ಫೋನಲ್ಲಿ ಎರಡು ಸಲ ಮಾತಾಡದೆ ನಾನು ಯಾರಿಗೂ ವಿಳಾಸ ಕೊಡ್ತಿರಲಿಲ್ಲ," ಎಂದಳು ಅವಳು. "ನೀವು ಊರಿಗೆಲ್ಲ ಕೊಟ್ರಿ. ಭಾನುವಾರ ನಾನು ಔಷಧಿ ತರೋಕೆ ಹೋಗಿದ್ದೆ. ಬೆಲ್ ಆಯ್ತು, ಅಮ್ಮ ಬಾಗಿಲು ತೆಗೆದ್ರು. ಯಾವನೋ ನಿಂತಿದ್ದ. ಇದೇ ಮನೆ ತಾನೇ ಅಂತ, ನೀವು ಬರೆದಿದ್ದನ್ನ ಮೊದಲಿಂದ ಕೊನೇವರೆಗೂ ಓದಿ ಹೇಳಿದ. ಅಮ್ಮನಿಗೆ ಕಣ್ಣು ಮಂಜು. ಕಿವಿ ಚೆನ್ನಾಗಿದೆ."

ಹಗಲು ಹೊತ್ತು ಮುದುಕಿ ವಯಸ್ಸಾದವರ ಕೇಂದ್ರವೊಂದಕ್ಕೆ ಹೋಗಿ ಕೂರುತ್ತಿದ್ದಳು. ಮಗಳು ಮನೆಯಿಂದಲೇ ಯಾವುದೋ ಕಂಪನಿಯ ಫೋನುಗಳಿಗೆ ಉತ್ತರ ಕೊಡುತ್ತಾಳೆ ಎಂದು ನಂಬಿದ್ದಳು. ಭಾನುವಾರದಿಂದ ಅವಳು ಮಗಳ ಜೊತೆ ಮಾತು ಬಿಟ್ಟಿದ್ದಳು. ದೊಡ್ಡ ಮಗಳ ಮನೆಗೆ ಹೋಗುತ್ತೇನೆಂದು ತನ್ನ ಸಾಮಾನು ತಾನೇ ತುಂಬಿಸಿಕೊಳ್ಳುತ್ತಿದ್ದಳು. ಇನ್ನು ಒಬ್ಬನೂ ಈ ಬಾಗಿಲಿಗೆ ಬರಲ್ಲ ಅಂದರೆ ಇರುತ್ತೀನಿ ಎಂದು ಬೆಳಿಗ್ಗೆ ಗೋಡೆಗೆ ಹೇಳುವಂತೆ ಹೇಳಿದ್ದಳು. ಮಗಳಿಗೆ ಅಷ್ಟೇ ಸಾಕಾಗಿತ್ತು.

"ಅಳಿಸಿ," ಎಂದಳು.

"ಅಳಿಸೋಕೆ ನಾನೇನು ಕೆಟ್ಟದ್ದು ಬರೆದಿದೀನಾ? ಬರೀರಿ ಅಂತ ಎಷ್ಟೋ ಜನ ಕೈ ಮುಗೀತಾರೆ ನನಗೆ. ನೂರಾಹನ್ನೆರಡು ಜನ ಉಪಯೋಗ ಆಯ್ತು ಅಂತ ಒತ್ತಿದಾರೆ. ಈಗ ಅಳಿಸಿದ್ರೆ ನನ್ನ ಮರ್ಯಾದೆ ಏನಾಗಬೇಕು?"

"ನಿಮ್ಮ ಮನೆ ಬಾಗಿಲು ಯಾವ ದಿಕ್ಕಿಗಿದೆ ಸರ್?"

"ಯಾಕೆ?"

"ನಾನೂ ಬರೀತೀನಿ. ಪಕ್ಕದಲ್ಲಿ ಯಾವ ಅಂಗಡಿ, ಎಷ್ಟು ಮೆಟ್ಟಿಲು, ಹೆಂಡತಿಗೆ ಎಷ್ಟು ವಯಸ್ಸು."

ಅವನ ಮುಖ ಕೆಂಪಗಾಯಿತು. ಇಷ್ಟು ಹೊತ್ತು ಕಾಪಾಡಿಕೊಂಡು ಬಂದಿದ್ದ ಬಹುವಚನ ಅಲ್ಲೇ ಉದುರಿತು. "ಏಯ್, ಹೆದರಿಸ್ತೀಯಾ ನನ್ನ? ಮಾಡೋ ಕೆಲಸ ನೋಡ್ಕೋ ಮೊದಲು! ನಿನ್ನಂಥೋಳಿಗೆ ಸ್ಟಾರ್ ಕೊಟ್ಟಿದ್ದೇ ಹೆಚ್ಚು."

"ಆ ಅರ್ಧ ಯಾಕೆ ಕಮ್ಮಿ ಕೊಟ್ರಿ?"

ಕೇಳಿದವಳು ಮುದುಕಿ. ಅವನಿಗೆ ತಲೆಬುಡ ತಿಳಿಯಲಿಲ್ಲ.

"ಐದಕ್ಕೆ ನಾಲ್ಕೂವರೆ ಅಂತ ಓದಿದ ಭಾನುವಾರ ಬಂದೋನು. ಅರ್ಧ ಯಾಕೆ ಕಮ್ಮಿ ಅಂತ ಕೇಳ್ದೆ."

ಬೆಲೆ ಯಾಕೆ ಇಳಿಸಿದಿರಿ ಎಂದು ಯಾರು ಕೇಳಿದರೂ ಥಟ್ಟನೆ ಕಾರಣ ಕೊಟ್ಟು ಅಭ್ಯಾಸವಾದ ನಾಲಿಗೆ, ಈಗಲೂ ತಡೆಯಲಿಲ್ಲ. "ಪದೇ ಪದೇ ಗಡಿಯಾರ ನೋಡ್ತಿದ್ರು," ಎಂದುಬಿಟ್ಟ.

"ನಾಲ್ಕು ಗಂಟೆಗೆ ನಾನು ಬರ್ತೀನಲ್ಲ," ಎಂದಳು ಮುದುಕಿ. "ಒಂದೊಂದು ಮೆಟ್ಟಿಲೂ ತಡವಿಕೊಂಡು ಹತ್ತಬೇಕು ನಾನು. ಕೆಳಗೆ ಬಂದು ಕೈ ಹಿಡ್ಕೊಂಡು ಕರ್ಕೊಂಡು ಬರ್ತಾಳೆ. ಒಂದು ದಿನಾನೂ ತಡ ಮಾಡಿಲ್ಲ. ಅದಕ್ಕೆ ನೋಡಿರ್ತಾಳೆ."

ನಾಲ್ಕು ದಿನದಲ್ಲಿ ಅಮ್ಮ ತನ್ನ ಪರವಾಗಿ ಆಡಿದ ಮೊದಲ ಮಾತು ಅದು. ಅವಳಿಗೆ ಅಳು ಒತ್ತರಿಸಿ ಬಂತು. ಈ ಮನುಷ್ಯನ ಎದುರು ಮಾತ್ರ ಅಳಬಾರದೆಂದು ತುಟಿ ಕಚ್ಚಿಕೊಂಡಳು.

ಅವನು ಗೊಣಗುತ್ತ ಫೋನು ತೆಗೆದ. ಏನೇನೋ ಒತ್ತಿದ. "ತಗೋ, ಹೋಯ್ತು. ಸಮಾಧಾನ ಆಯ್ತಾ?" ಎಂದು ಖಾಲಿ ಪರದೆಯನ್ನು ಅವಳ ಮುಖಕ್ಕೆ ಹಿಡಿದ.

"ಹೋಯ್ತೇನೇ?" ಎಂದು ಮುದುಕಿ ಮಗಳನ್ನು ಕೇಳಿದಳು.

"ಹೋಯ್ತಮ್ಮ."

ಮುದುಕಿ ಕುರ್ಚಿ ಹಿಡಿದು ಎದ್ದು ಅಡುಗೆಮನೆಗೆ ಹೋಗಿ ಸ್ಟವ್ ಹಚ್ಚಿದಳು. "ಟೀಗಿಡ್ತೀನಿ. ಇವರನ್ನ ಕಳಿಸು," ಎಂದಳು. ಮಗಳು ಉಸಿರು ಬಿಟ್ಟಳು.

ಆಗ ಬೆಲ್ ಆಯಿತು.

ಅವಳು ಯಾರನ್ನೂ ಬರಹೇಳಿರಲಿಲ್ಲ. ಅಡುಗೆಮನೆಯ ಹೊಸಿಲಿಗೆ ಬಂದು ನಿಂತ ಮುದುಕಿ ಅವನ ಕಡೆ ತಿರುಗಿ, "ನೀವೇ ತೆಗೀರಿ. ಬರೆದೋರು ನೀವಲ್ವಾ?" ಎಂದಳು.

ಅವನು ತೆಗೆದ. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ ಫೋನು ಹಿಡಿದು ನಿಂತಿದ್ದ. ಬಾಗಿಲು ತೆಗೆದದ್ದು ಗಂಡಸು ಎಂದು ನೋಡಿ ಕೊಂಚ ಹಿಂಜರಿದ. "ಇದೇ ಮನೆ ಅಲ್ವಾ ಸಾರ್?"

"ಅಲ್ಲ. ಇಲ್ಲಿ ಅಂಥೋರು ಯಾರೂ ಇಲ್ಲ, ಹೋಗ್ರಿ. ಆ ರಿವ್ಯೂ ಅಳಿಸಿಯಾಗಿದೆ."

"ಅಳಿಸಿದ್ರೇನು? ನಮ್ಮ ಗ್ರೂಪಲ್ಲಿ ಎಲ್ಲರ ಹತ್ರಾನೂ ಇದೆ." ಆ ಮನುಷ್ಯ ನಕ್ಕ. "ಬರೆದೋನು ಪಕ್ಕಾ ಆಸಾಮಿ ಸಾರ್, ಒಂದಕ್ಷರ ಸುಳ್ಳು ಬರೆಯಲ್ಲ. ನೋಡಿ, ಹಲ್ಲಿನ ಡಾಕ್ಟರ ಬೋರ್ಡು. ಎರಡನೇ ಮಹಡಿ. ಹಸಿರು ಬಾಗಿಲು." ಒಂದೊಂದು ಓದಿದಾಗಲೂ ತಲೆಯೆತ್ತಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿದ. "ಎಲ್ಲಾ ಇದೆಯಲ್ಲ!"

ಬೆಲೆ ಕಟ್ಟುವವನು ಬಾಗಿಲಿಗೆ ಅಡ್ಡ ನಿಂತೇ ಇದ್ದ. ಒಳಗೆ ಸ್ಟವ್ ಆರಿಸಿದ ಸದ್ದಾಯಿತು. ತಿರುಗಿ ನೋಡಿದ. ಮುದುಕಿ ಮಗಳ ಬೀರುವಿನ ಬಾಗಿಲು ತೆರೆದಿದ್ದಳು. ಮಗಳ ಬಟ್ಟೆಗಳನ್ನು ಒಂದೊಂದಾಗಿ ಹೊರಗೆಳೆದು, ಕಾಣದ ಅಂಚುಗಳನ್ನು ಬೆರಳಿನಲ್ಲಿ ಹುಡುಕಿ ಸೇರಿಸಿ ಮಡಿಸಿ, ತನ್ನ ಪೆಟ್ಟಿಗೆಯೊಳಕ್ಕೆ ಇಡುತ್ತಿದ್ದಳು.