ಬೀಗರು ಹಿಡಿದ ಟಾರ್ಚು

ಮಗಳ ಅಡುಗೆಮನೆಯಲ್ಲಿ, ಹೊಸ ಕರೆಂಟ್ ಒಲೆಯ ಹಿಂದೆ ಮಂಡಿಯೂರಿ ಕೂತಿದ್ದ ಮೇಸ್ತ್ರಿಗೆ ಗೋಡೆಯಿಂದ ಹೊರಬಂದ ಮೂರು ವೈರುಗಳಲ್ಲಿ ಕಪ್ಪಿನದೊಂದೇ ಗುರುತು ಸಿಕ್ಕಿತು. ಉಳಿದ ಎರಡರಲ್ಲಿ ಒಂದು ಕೆಂಪು, ಇನ್ನೊಂದು ಹಸಿರು ಇರಲೇಬೇಕು. ಅವರ ಕಣ್ಣಿಗೆ ಎರಡೂ ಹಳೇ ಗೋಣಿಚೀಲದ ಬಣ್ಣ.

ಮೂವತ್ತೈದು ವರ್ಷ ವೈರಿಂಗ್ ಮಾಡಿದ ಮನುಷ್ಯನಿಗೆ ಕೆಂಪು ಹಸಿರಿನ ಭೇದ ತಿಳಿಯದು ಅಂದರೆ ಯಾರು ನಂಬುತ್ತಾರೆ? ಹೆಂಡತಿಗೂ ಗೊತ್ತಿರಲಿಲ್ಲ. ಮೇಸ್ತ್ರಿಯ ಉಪಾಯ ಸರಳ. ಪಕ್ಕದಲ್ಲಿ ಯಾರೇ ಇರಲಿ, "ಆ ಕೆಂಪು ವೈರ್ ಸ್ವಲ್ಪ ಹಿಡ್ಕೊಳ್ಳಿ" ಎನ್ನುವುದು. ಅವರು ಹಿಡಿದದ್ದೇ ಕೆಂಪು. ಆಮೇಲೆ ಟೆಸ್ಟರ್ ಮುಟ್ಟಿಸಿಯೋ ಮೀಟರ್ ಇಟ್ಟೋ ಖಾತ್ರಿ ಮಾಡಿಕೊಳ್ಳುವುದು. ಹಾಗೆ ನೋಡದೆ ಒಂದು ಸ್ಕ್ರೂ ಬಿಗಿ ಮಾಡಿದವರಲ್ಲ.

ಇವತ್ತು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತವರು ಬೀಗರು, ಅಂದರೆ ಅಳಿಯನ ಅಪ್ಪ. ನಿವೃತ್ತ ಹೆಡ್‌ಮಾಸ್ಟರು. ಶಾಲೆ ಬಿಟ್ಟು ಆರು ವರ್ಷವಾದರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಮೇಸ್ತ್ರಿ ಬರುವ ಮೊದಲೇ ಮೇನ್ ಸ್ವಿಚ್ ಆರಿಸಿ, "ಜಾಗ್ರತೆ ಮೊದಲು, ಕೆಲಸ ಆಮೇಲೆ, ಅಲ್ವಾ ಬೀಗರೇ?" ಎಂದು ಬಾಗಿಲಲ್ಲೇ ಪಾಠ ಒಪ್ಪಿಸಿದ್ದರು. ಟೆಸ್ಟರ್ ಇಡೋಣವೆಂದರೆ ಈಗ ವೈರಿನಲ್ಲಿ ಕರೆಂಟೇ ಇಲ್ಲ. ಒಂದು ನಿಮಿಷ ಹಾಕಿಸಿ ಎಂದರೆ ಯಾಕೆ ಎನ್ನುತ್ತಾರೆ. ಮದುವೆ ಮನೆಯಲ್ಲಿ ಇದೇ ಮನುಷ್ಯ "ಹುಡುಗಿ ಅಪ್ಪ ಬರೀ ವೈರ್ ಎಳೆಯೋರು" ಎಂದದ್ದು ಮೇಸ್ತ್ರಿಯ ಕಿವಿಗೆ ಬಿದ್ದಿತ್ತು. ಅದು ಇನ್ನೂ ಕರಗಿರಲಿಲ್ಲ.

"ಆ ಕೆಂಪು ವೈರ್ ಸ್ವಲ್ಪ ಹಿಡ್ಕೊಳ್ಳಿ ಬೀಗರೇ."

ಹೆಡ್‌ಮಾಸ್ಟರು ಬಗ್ಗಿ, ಒಂದು ಕ್ಷಣ ತಡೆದು, ಬಲಗಡೆಯದನ್ನು ಹಿಡಿದರು. "ಇದೇ ಕೆಂಪು. ಅಷ್ಟೂ ಕಾಣಲ್ವಾ?"

ಮೇಸ್ತ್ರಿಯ ಕಣ್ಣು ಬಾಗಿಲ ಬಳಿ ಇದ್ದ ಚೀಲದ ಕಡೆ ಹೋಯಿತು. ಕರೆಂಟಿಲ್ಲದೆಯೂ ವೈರು ಪತ್ತೆಮಾಡುವ ಮೀಟರ್ ಅದರಲ್ಲಿತ್ತು.

"ಇನ್ನೂ ಎಷ್ಟು ಹೊತ್ತು? ಈಗಿನ ಹುಡುಗ್ರು ಹತ್ತೇ ನಿಮಿಷದಲ್ಲಿ ಮುಗಿಸ್ತಾರಂತೆ."

ಮೇಸ್ತ್ರಿ ಚೀಲದಿಂದ ಕಣ್ಣು ತೆಗೆದು ಸ್ಕ್ರೂ ಬಿಗಿ ಮಾಡಿದರು. ಒಲೆಯನ್ನು ಗೋಡೆಗೆ ತಳ್ಳಿದರು. ಅಳಿಯ ಮೇನ್ ಸ್ವಿಚ್ ಹಾಕಲು ನಡುಮನೆಗೆ ಹೋದ. ಮಗಳು ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಬಂದಳು. ಹೆಡ್‌ಮಾಸ್ಟರು ಒಲೆಯ ಜೊತೆ ಬಂದ ಪುಸ್ತಕ ಬಿಡಿಸಿ, ತೋಳನ್ನು ಉದ್ದಕ್ಕೆ ಚಾಚಿ ಹಿಡಿದು, ಗಂಟಲು ಸರಿಮಾಡಿಕೊಂಡರು.

"ಮೊದಲ ಸಲ ಹತ್ತು ನಿಮಿಷ ಬರೀ ಒಲೆ ಉರಿಸಬೇಕು ಅಂತ ಕೊಟ್ಟಿದ್ದಾರೆ ನೋಡಮ್ಮ, ಇಲ್ಲೇ, ಮೊದಲನೇ ಸಾಲಲ್ಲೇ."

ಮಗಳು ಇಣುಕಿ ನೋಡಿ ಕಿಸಕ್ಕನೆ ನಕ್ಕಳು. "ಮಾವ, ಅದು ಬೇರೆ ಯಾವ್ದೋ ಭಾಷೆ ಪುಟ. ನಮ್ದು ಹಿಂದ್ಗಡೆ ಇದೆ."

ನಡುಮನೆಯಿಂದ ಅಳಿಯನೂ ನಕ್ಕ. ಮೇಸ್ತ್ರಿ ನಗಲಿಲ್ಲ. ಕೈಯಲ್ಲೇ ಹಿಡಿದ ಪುಟದ ಅಕ್ಷರ ಯಾವ ಭಾಷೆಯದೆಂದು ಕಾಣದ ಕಣ್ಣು, ಮೂಲೆಯ ಕತ್ತಲಲ್ಲಿ ವೈರಿನ ಬಣ್ಣ ಹೇಳಿತ್ತು.

"ಆನ್ ಮಾಡ್ದೆ!" ಎಂದು ಅಳಿಯ ಕೂಗಿದ.

ಮಗಳು ಗುಂಡಿ ತಿರುಗಿಸಿದಳು. ಗುಂಡಿ ಪ್ಲಾಸ್ಟಿಕ್ಕಿನದು. ಒಲೆಯ ದೀಪ ಹೊತ್ತಲಿಲ್ಲ.

ಕೆಂಪಿನಲ್ಲಿ ಕರೆಂಟು ಬರುತ್ತದೆ. ಹಸಿರು, ಒಲೆಯ ಮೈಯನ್ನು ನೆಲಕ್ಕೆ ಸೇರಿಸುವ ತಂತಿ. ಇವೆರಡು ಅದಲುಬದಲಾದರೆ ಒಲೆ ಬಿಸಿಯಾಗುವುದಿಲ್ಲ, ಅದರ ಸ್ಟೀಲ್ ಮೈ ತುಂಬ ಕರೆಂಟು ನಿಲ್ಲುತ್ತದೆ. ಈ ಹಳೇ ಮನೆಯಲ್ಲಿ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚೂ ಇರಲಿಲ್ಲ. ಆಮೇಲೆ ಹಾಕಿಸೋಣ ಎಂದಿದ್ದರು ಹೆಡ್‌ಮಾಸ್ಟರು.

"ಬಿಸಿ ಆಗ್ತಿದ್ಯಾ ಮುಟ್ಟಿ ನೋಡಮ್ಮ" ಎಂದರು ಈಗ ಅದೇ ಹೆಡ್‌ಮಾಸ್ಟರು.

ಮಗಳ ಒದ್ದೆ ಕೈ ಮುಂದೆ ಹೋಯಿತು. ಮೇಸ್ತ್ರಿ ಹಾರಿ ಅವಳ ಭುಜ ಹಿಡಿದು ಹಿಂದಕ್ಕೆ ಎಳೆದರು. ಇಬ್ಬರೂ ಪಾತ್ರೆಯ ಬುಟ್ಟಿಯ ಮೇಲೆ ಬಿದ್ದರು. ಲೋಟ, ತಟ್ಟೆ ನೆಲದ ತುಂಬ ಉರುಳಿದವು.

"ಯಾರೂ ಮುಟ್ಬೇಡಿ!" ಮೇಸ್ತ್ರಿ ಕೂಗಿದರು.

ಎದ್ದು, ಜೇಬಿನ ಟೆಸ್ಟರ್ ತೆಗೆದು ಒಲೆಯ ಅಂಚಿಗೆ ಮುಟ್ಟಿಸಿದರು. ಅದರ ಹೊಟ್ಟೆಯೊಳಗೆ ಪುಟ್ಟ ದೀಪ ಹೊತ್ತಿತು. ಅಳಿಯ ಓಡಿಹೋಗಿ ಮೇನ್ ಆರಿಸಿದ.

ಮೊದಲು ಬಾಯಿ ಬಿಟ್ಟವರು ಹೆಡ್‌ಮಾಸ್ಟರು. "ಏನ್ರೀ ಇದು? ಇಷ್ಟು ವರ್ಷದ ಅನುಭವ ಇಟ್ಕೊಂಡು ಬಣ್ಣ ನೋಡಿ ಹಾಕೋಕೆ ಆಗ್ಲಿಲ್ವಾ ನಿಮಗೆ?"

ನೀವೇ ತಪ್ಪು ಹೇಳಿದಿರಿ ಎನ್ನಬಹುದಿತ್ತು. ಮಾತು ತುಟಿಯವರೆಗೆ ಬಂದೂ ಬಂತು. ಆದರೆ ಮಗಳು ನೆಲದ ಮೇಲೆ ಕೂತು ತನ್ನ ಒದ್ದೆ ಅಂಗೈಯನ್ನೇ ನೋಡುತ್ತಿದ್ದಳು. ಅದರ ಮುಂದೆ ಮಾನ ಮರ್ಯಾದೆಯೆಲ್ಲ ಮೇಸ್ತ್ರಿಗೆ ಹೇಸಿಗೆ ಅನ್ನಿಸಿತು.

"ಆಗಲ್ಲ ಬೀಗರೇ" ಎಂದರು. "ನನಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣುತ್ತೆ. ಹುಟ್ಟಿದಾಗಿಂದ್ಲೂ ಅಷ್ಟೇ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಕೆಲಸ ಯಾರು ಕೊಡ್ತಿದ್ರು? ದಿನಾ ಮೀಟರ್ ಇಟ್ಟು ನೋಡ್ತಿದ್ದೆ. ಇವತ್ತು ನಿಮ್ಮೆದುರು ನಾಚಿಕೆ ಆಯ್ತು, ಬಿಟ್ಟೆ."

ಹೆಡ್‌ಮಾಸ್ಟರು ಪುಸ್ತಕವನ್ನು ಮೆಲ್ಲಗೆ ಮಡಿಸಿದರು. ಬೈಯಲು ಎತ್ತಿದ್ದ ದನಿ ಇಳಿದುಹೋಯಿತು. "ನನಗೂ ಪೊರೆ ಬಂದಿದೆ" ಎಂದರು, ಗೋಡೆ ನೋಡುತ್ತ. "ಎರಡೂ ಕಣ್ಣಿಗೆ. ಆಪರೇಷನ್ ಅಂದ್ರೆ ಭಯ. ಅಂದಾಜಲ್ಲಿ ಹೇಳ್ಬಿಟ್ಟೆ."

ಬೈಯಬೇಕೋ ಬೇಡವೋ ತಿಳಿಯದೆ ಅಳಿಯ ತಟ್ಟೆಗಳನ್ನು ಹೆಕ್ಕತೊಡಗಿದ. ಮಗಳು ಮಾತ್ರ ಅಪ್ಪನಿಂದ ಕಣ್ಣು ಕೀಳಲಿಲ್ಲ.

"ನಾನು ಚಿಕ್ಕೋಳಿದ್ದಾಗ ನನ್ನ ತೊಡೆ ಮೇಲೆ ಕೂರಿಸ್ಕೊಂಡು, ವೈರ್ ತೋರಿಸಿ, ಇದ್ಯಾವ ಬಣ್ಣ ಪುಟ್ಟಿ, ಅದ್ಯಾವ ಬಣ್ಣ ಅಂತ ಕೇಳ್ತಿದ್ದೆಯಲ್ಲಪ್ಪ. ನನಗೆ ಬಣ್ಣ ಕಲಿಸ್ತಿದ್ದೀಯ ಅಂದ್ಕೊಂಡಿದ್ದೆ."

ಮೇಸ್ತ್ರಿ ಅಲ್ಲವೆಂದು ತಲೆಯಾಡಿಸಿದರು.

"ನಾಲ್ಕು ವರ್ಷ ನನಗೆ ಆಗ. ತಪ್ಪು ಹೇಳಿದ್ದಿದ್ರೆ? ನೀನು ಸತ್ತೋಗಿದ್ರೆ?"

ಅವಳ ದನಿಯಲ್ಲಿ ಅಳುವಿರಲಿಲ್ಲ, ಬರೀ ಸಿಟ್ಟಿತ್ತು. ಮೇಸ್ತ್ರಿ ಕಣ್ಣೊರೆಸಿಕೊಂಡು ಒಲೆಯನ್ನು ಮತ್ತೆ ಮುಂದಕ್ಕೆ ಎಳೆದರು. ಕೈ ಒರೆಸಿಕೊಂಡು ಅವಳೂ ಹಿಂದೆ ಬಂದು ಅವರ ಪಕ್ಕ ಕೂತಳು, ಆದರೆ ತಾಗಿಸಿಕೊಂಡು ಕೂರಲಿಲ್ಲ.

"ಎಡಗಡೇದು ಕೆಂಪು."

"ಸರಿಯಾಗಿ ನೋಡಿದ್ಯಾ ಪುಟ್ಟಿ?"

ಇವತ್ತಿನವರೆಗೆ ಅವರು ಯಾರನ್ನೂ ಈ ಮಾತು ಕೇಳಿದವರಲ್ಲ. ಕೇಳಿದರೆ ಗುಟ್ಟು ಬಯಲಾಗುತ್ತಿತ್ತು.

"ನೋಡಿದೆ" ಎಂದಳು ಮಗಳು. "ನನ್ನನ್ನೂ ನಂಬಬೇಡ. ಪರೀಕ್ಷೆ ಮಾಡು."