ಕುರುಡು ಕುದುರೆಗೆ ಹೇಳುವ ಮಾತು

ಗಾಡಿ ಗೇಟಿನಲ್ಲಿ ಸಿಕ್ಕಿಕೊಂಡಿತು. ಹುಲ್ಲು ಸಾಗಿಸುವ ಗಾಡಿ ಅದು. ಇವತ್ತು ಅದರ ಮೇಲೆ ಅಪ್ಪನ ಶವಪೆಟ್ಟಿಗೆ ಇತ್ತು. ಲಾಳಗಾರ ಹಿಂದಿನಿಂದ ನೂಕಿದ, ದೋಣಿಯವನು ಮುಂದಿನಿಂದ ಎಳೆದ. ಗೇಟಿನ ಕೀಲು ಕಿರ್ರೆಂದಿತೇ ಹೊರತು ಅರ್ಧ ಗೇಣೂ ಸರಿಯಲಿಲ್ಲ. ಮಗಳು ಪಟ್ಟಣದ ಚಪ್ಪಲಿಯಲ್ಲಿ ಕೆಸರಿನ ನಡುವೆ ನಿಂತು, ತಾನೂ ಕೈಹಾಕಬೇಕೋ ಬೇಡವೋ ತಿಳಿಯದೆ ನೋಡುತ್ತಿದ್ದಳು.

"ಇದಕ್ಕೆ ಎಣ್ಣೆ ಬಿಡ್ತಿದ್ದೋನು ಗಾಡಿ ಮೇಲೆ ಮಲಗಿದಾನೆ," ಎಂದ ಲಾಳಗಾರ. "ಮೂರೇ ದಿನಕ್ಕೆ ನಮ್ಮ ಬಂಡವಾಳ ಬಯಲಾಯ್ತು."

ಯಾರೋ ನಗಲು ಹೋಗಿ, ಮಗಳ ಮುಖ ಕಂಡು ನುಂಗಿಕೊಂಡರು. ಕೊನೆಗೆ ಗೇಟನ್ನೇ ಕೀಲಿನಿಂದ ಎತ್ತಿ ಬೇಲಿಗೆ ಒರಗಿಸಿ ಗಾಡಿಯನ್ನು ದಾಟಿಸಿದರು.

ಅವಳು ಈ ದ್ವೀಪಕ್ಕೆ ಬಂದದ್ದು ಇದೇ ಮೊದಲು. ಕೆಲಸ ಮುಗಿದು ಯಾರಿಗೂ ಬೇಡವಾದ ಕುದುರೆಗಳನ್ನು ಇಲ್ಲಿ ಸಾಯುವ ತನಕ ಸಾಕುತ್ತಾರೆ. ಲದ್ದಿ ಬಾಚಲು, ನೀರು ಹೊರಲು ಬರುವವರಿಗೆ ಸಂಬಳವಿಲ್ಲ, ಊಟವಿದೆ, ಮಲಗಲು ಒಂದು ಮಂಚವಿದೆ. ಲಿಫ್ಟ್ ರಿಪೇರಿಯ ಕೆಲಸದಿಂದ ನಿವೃತ್ತನಾದ ಅಪ್ಪ ಹದಿನೈದು ದಿನಕ್ಕೆಂದು ಬಂದವನು ಒಂಬತ್ತು ವರ್ಷ ಇಲ್ಲೇ ಬೇರುಬಿಟ್ಟಿದ್ದ. ಎಲ್ಲರ ಬಾಯಲ್ಲೂ ಅವನು ಲಿಫ್ಟಣ್ಣ.

ದಿಬ್ಬ ಹತ್ತುವ ತನಕ ಲಿಫ್ಟಣ್ಣನ ಕತೆಗಳೇ. ಬಿದ್ದ ಕುದುರೆಯನ್ನು ರಾಟೆ ಕಟ್ಟಿ ಎಬ್ಬಿಸಿದ್ದು, ಬಾಗಿಲ ಚಿಲಕ ತೆಗೆಯಲು ಕಲಿತ ಕಳ್ಳ ಟಟ್ಟು ಕುದುರೆಯ ಜೊತೆ ವರ್ಷಗಟ್ಟಲೆ ಜಿದ್ದಿಗೆ ಬಿದ್ದದ್ದು. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚೆನ್ನುವ ಮನುಷ್ಯ ಇವರಿಗೆಲ್ಲ ಇಷ್ಟೊಂದು ಸಿಕ್ಕಿದ್ದು ಹೇಗೆ ಎಂದು ಮಗಳಿಗೆ ಹೊಟ್ಟೆಯುರಿಯಿತು. ನನ್ನ ಸುದ್ದಿ ಒಮ್ಮೆಯಾದರೂ ಎತ್ತಿದ್ದನೇ ಎಂದು ಕೇಳಲು ಬೆಳಗಿನಿಂದ ನಾಲಿಗೆ ತುದಿಗೆ ಬರುತ್ತಿತ್ತು. ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಗೆ ಕೇಳಲಿಲ್ಲ.

ಮಣ್ಣು ಮುಚ್ಚಿದರು. ಲಾಳಗಾರ ಕೈ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡ. ಅವಳಿಗೆ ಮಾತ್ರ ಒಂದು ಹನಿಯೂ ಬರಲಿಲ್ಲ.

*

ಚಿಕ್ಕಂದಿನಲ್ಲಿ ಅವಳು ವಾಚಾಳಿ. ಎದ್ದಾಗಿನಿಂದ ನಿದ್ದೆ ಹತ್ತುವ ತನಕ ಬಾಯಿಗೆ ಬೀಗವಿಲ್ಲ. ಅಪ್ಪ ಕೆಲಸದಿಂದ ಬಂದು ಬೂಟು ಬಿಚ್ಚುತ್ತ, "ಜೀರುಂಡೆ ಎಲ್ಲಿ? ಮನೆ ಯಾಕೆ ತಣ್ಣಗಿದೆ?" ಎನ್ನುತ್ತಿದ್ದ. ಅವನ ಆ ನಾಲ್ಕು ಮಾತಿನಲ್ಲಿ ಒಂದು ಯಾವಾಗಲೂ ಅದೇ. ಅವಳಿಗೆ ಮದುವೆಯ ವಯಸ್ಸು ಬಂದರೂ ಅವನಿಗೆ ಅವಳು ಜೀರುಂಡೆಯೇ.

ಅಮ್ಮ ಆಸ್ಪತ್ರೆಯಲ್ಲಿದ್ದ ಕೊನೆಯ ದಿನ ಅಪ್ಪನಿಗೆ ಫೋನ್ ಬಂತು. ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಮೂವರು ಸಿಕ್ಕಿಕೊಂಡಿದ್ದರು, ಒಬ್ಬಳು ತುಂಬು ಗರ್ಭಿಣಿ. ಒಂದು ಗಂಟೆಯಲ್ಲಿ ಬರುತ್ತೇನೆಂದು ಹೋದ. ಆ ಒಂದು ಗಂಟೆಯಲ್ಲೇ ಅಮ್ಮ ಹೋದಳು.

ಕೈಗೆ ಗ್ರೀಸ್ ಮೆತ್ತಿಕೊಂಡು ಓಡಿ ಬಂದವನು ಮಂಚದ ಬಳಿ ನಿಂತು, "ಜೀರುಂಡೆ..." ಎಂದ.

"ಇನ್ಮೇಲೆ ನನ್ನ ಹಾಗೆ ಕರೀಬೇಡ," ಎಂದಳು ಅವಳು. "ಯಾವತ್ತೂ."

ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವ ಜಾಯಮಾನ ಅವನದು. ಮತ್ತೆಂದೂ ಕರೆಯಲಿಲ್ಲ. ವರ್ಷಕ್ಕೊಮ್ಮೆ ಅವಳು ಹುಟ್ಟಿದ ದಿನ ದ್ವೀಪದಿಂದ ಫೋನ್ ಮಾಡುತ್ತಿದ್ದ. ಅವಳು ಎತ್ತುತ್ತಿದ್ದಳು. ಇಬ್ಬರೂ ಒಂದು ನಿಮಿಷ ಒಬ್ಬರ ಉಸಿರನ್ನೊಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತಿದ್ದರು. ಮುಂದಿನ ವರ್ಷ ಮಾತಾಡಿದರಾಯಿತು ಎಂದು ಅವಳು ಒಂಬತ್ತು ಸಲ ಅಂದುಕೊಂಡಿದ್ದಳು.

*

ದಿಬ್ಬ ಇಳಿದು ಬಂದಾಗ ಫಾರಂನ ಯಜಮಾನಿ ನೀರಿನ ಬಕೆಟ್ ಹಿಡಿದು ಬೇಲಿಯ ಹೊರಗೆ ನಿಂತಿದ್ದಳು. ಅಂಗಳದ ದೂರದ ಮೂಲೆಯಲ್ಲಿ ಒಂದು ಬೂದು ಬಣ್ಣದ ಮುದಿ ಕುದುರೆ ಗೋಡೆಗೆ ಮುಖ ಮಾಡಿತ್ತು. ಅದರ ಹೆಸರು ಅಜ್ಜಿ, ಎರಡೂ ಕಣ್ಣಿಲ್ಲ. ಲಿಫ್ಟಣ್ಣನೇ ನೋಡಿಕೊಳ್ಳುತ್ತಿದ್ದ ಕುದುರೆ. ಅವನು ಹೋದಾಗಿನಿಂದ ಹುಲ್ಲು ನೀರು ಮುಟ್ಟಿರಲಿಲ್ಲ. ನಾಳೆ ಬೆಳಗ್ಗೆ ಡಾಕ್ಟರು ಬರುತ್ತಾರೆ, ಇವತ್ತೂ ಕುಡಿಯದಿದ್ದರೆ ಸೂಜಿ ಚುಚ್ಚಿ ನೋವು ಮುಗಿಸುವುದೊಂದೇ ದಾರಿ ಎಂದಳು ಯಜಮಾನಿ.

"ಹತ್ತಿರ ಹೋಗಿ ಕುಡಿಸಬಾರದಾ?" ಮಗಳು ಕೇಳಿದಳು.

ಹಾಗೆ ಹೋಗುವಂತಿಲ್ಲ ಎಂದು ಯಜಮಾನಿ ವಿವರಿಸಿದಳು. ಕಣ್ಣಿಲ್ಲದ ಕುದುರೆಯನ್ನು ಸುಮ್ಮನೆ ಮುಟ್ಟಿದರೆ ಬೆಚ್ಚಿ ಒದೆಯುತ್ತದೆ. ಅದಕ್ಕೆ ಇಲ್ಲಿ ಪ್ರತಿಯೊಬ್ಬರಿಗೂ ಒಂದು ಮಾತು. ಅದನ್ನು ಹೇಳಿದ ಮೇಲೆಯೇ ಕೈ ಇಡಬೇಕು. ತನ್ನದು "ಬಂದೆ ತಾಯಿ," ಲಾಳಗಾರನದು "ಕಾಲು ಕೊಡು." ಯಾರ ಮಾತಿಗೂ ಅಜ್ಜಿ ಈ ಮೂರು ದಿನ ಕಿವಿ ಅಲುಗಿಸಿರಲಿಲ್ಲ.

"ನಿಮ್ಮಪ್ಪಂದು ಒಂದು ವಿಚಿತ್ರ ಮಾತು. ಜೀರುಂಡೆ ಅಂತ. ಕುದುರೆಗೆ ಯಾರಾದ್ರೂ ಹಾಗಂತಾರಾ ಅಂತ ನಾವೆಲ್ಲ ಗೋಳು ಹೊಯ್ಕೊಂಡ್ವಿ. 'ನನ್ನ ಬಾಯಿಗೆ ಬರೋದು ಇದೊಂದೇ' ಅಂದ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಒಂದಿನಾನೂ ತಪ್ಪಿಸ್ಲಿಲ್ಲ."

ಮಗಳು ಬೇಲಿಯ ಕಂಬ ಹಿಡಿದುಕೊಂಡಳು. ದಿಬ್ಬದ ಮೇಲೆ ಬಾರದ ಅಳು ಈಗ ಒಮ್ಮೆಲೇ ಉಕ್ಕಿ ಬಂತು. ಯಜಮಾನಿ ಬಕೆಟ್ ಕೆಳಗಿಟ್ಟಳು.

"ಆ ಮಾತು ನೀವು ಹೇಳಿ ನೋಡಿದ್ರಾ?" ಎಂದಳು ಮಗಳು ಕೊನೆಗೆ.

"ಒಬ್ಬರ ಮಾತು ಇನ್ನೊಬ್ಬರು ಆಡಬಾರದು. ಅವನೇ ಅಂತ ನಂಬಿ ಬಂದು ಬೇರೆ ಕೈ ಸಿಕ್ರೆ, ಆಮೇಲೆ ಯಾರನ್ನೂ ನಂಬಲ್ಲ."

"ಅದು ನನ್ನ ಹೆಸರು."

ಯಜಮಾನಿ ಬಕೆಟ್ಟನ್ನು ಎತ್ತಿ ಅವಳ ಕೈಗೆ ಕೊಟ್ಟಳು.

ಅವಳು ಅಂಗಳದ ನಡುವೆ ಹೋಗಿ ನಿಂತಳು. ತನ್ನ ಹೆಸರನ್ನು ತಾನೇ ಕರೆಯುವ ಗತಿ ಯಾರಿಗೂ ಬರಬಾರದು. ಮೊದಲ ಸಲ ಬರೀ ಗಾಳಿ ಹೊರಟಿತು. ಎರಡನೆಯ ಸಲ, ಅಪ್ಪ ಬೂಟು ಬಿಚ್ಚುತ್ತ ಹೇಳುತ್ತಿದ್ದ ಹಾಗೆ, ಕೊನೆಯನ್ನು ಸ್ವಲ್ಪ ಎಳೆದು ಹೇಳಿದಳು.

"ಜೀರುಂಡೇ..."

ಅಜ್ಜಿಯ ಕಿವಿಗಳು ನೆಟ್ಟಗಾದವು. ಗೋಡೆ ಬಿಟ್ಟು ತಿರುಗಿತು. ನಡುಗುವ ಕಾಲುಗಳಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಬಂದು ಅವಳ ಅಂಗೈ ಮೂಸಿತು, ತೋಳು ಮೂಸಿತು. ಅವನ ವಾಸನೆ ಅಲ್ಲಿ ಸಿಗಲಿಲ್ಲ. ಅವಳ ಹೆಗಲ ಮೇಲಿಂದ ಕತ್ತು ಚಾಚಿ ಅವಳ ಹಿಂದೆ ಹುಡುಕಿತು. ಮಗಳೂ ತಡೆಯಲಾರದೆ ಹಿಂತಿರುಗಿ ನೋಡಿದಳು. ಕೀಲು ಕಳಚಿದ ಗೇಟು ಬೇಲಿಗೆ ಒರಗಿತ್ತು, ದಾರಿ ತೆರೆದೇ ಇತ್ತು.

"ಜೀರುಂಡೆ," ಎಂದಳು ಮತ್ತೆ, ಬಕೆಟ್ಟನ್ನು ಎದೆಗೊತ್ತಿ ಹಿಡಿದು.

ಬಹಳ ಹೊತ್ತಿನ ಮೇಲೆ ಕುದುರೆ ತಲೆ ತಗ್ಗಿಸಿ ನೀರಿಗೆ ಬಾಯಿ ಹಾಕಿತು. ಒಂದು ಕಿವಿ ಮಾತ್ರ ಗೇಟಿನ ಕಡೆಗೇ ಇತ್ತು.